ಮೂರು ತಿಂಗಳ ಪಂಚಾಂಗ

ನಾಳೆಯನ್ನು ಇಂದೇ ತಿಳಿಯಬೇಕೆಂಬ ಹಂಬಲ ಮನುಷ್ಯನಿಗೆ ಎಂದು ಹುಟ್ಟಿತೋ ಹೇಳುವವರಿಲ್ಲ. ಯುಗಾದಿಯ ದಿನ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ಮನೆಯ ಹಿರಿಯರು ಪಂಚಾಂಗ ತೆರೆದು, ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು, ಬೆಳೆ ಎಷ್ಟು ಎಂದು ಓದುತ್ತಾರೆ. ಅನಂತರ ಒಂದೊಂದು ರಾಶಿಗೂ ಆದಾಯ ಇಷ್ಟು, ವ್ಯಯ ಇಷ್ಟು ಎಂಬ ಲೆಕ್ಕ ಬರುತ್ತದೆ. ಆದಾಯ ಎರಡು, ವ್ಯಯ ಹದಿನಾಲ್ಕು ಎಂದು ಕೇಳಿಸಿಕೊಂಡವನು ಒಂದು ಗಳಿಗೆ ಮುಖ ಸಪ್ಪಗೆ ಮಾಡಿಕೊಂಡು, ಆಮೇಲೆ ಹೋಳಿಗೆಯ ಊಟಕ್ಕೆ ಏಳುತ್ತಾನೆ. ಮುಂದಿನ ಯುಗಾದಿಯ ಹೊತ್ತಿಗೆ ಹಳೆಯ ಪಂಚಾಂಗವನ್ನು ಹೊರತೆಗೆದು, ಹೇಳಿದ್ದರಲ್ಲಿ ನಿಜವಾದದ್ದೆಷ್ಟು, ಸುಳ್ಳಾದದ್ದೆಷ್ಟು ಎಂದು ಒರೆಗೆ ಹಚ್ಚಿದವರನ್ನು ನಾನಂತೂ ಕಂಡಿಲ್ಲ. ಹಾಗೆ ಹಚ್ಚದಿರುವುದು ಒಂದು ಬಗೆಯ ಸೌಜನ್ಯವೆಂದೇ ನಾವೆಲ್ಲ ತಿಳಿದಿದ್ದೇವೆ.

ಷೇರು ಪೇಟೆಗೂ ಇಂಥದೊಂದು ಪಂಚಾಂಗವುಂಟು. ಅದು ಮೂರು ತಿಂಗಳಿಗೊಮ್ಮೆ ಹೊರಡುತ್ತದೆ. ಅದನ್ನು ಬರೆಯುವವರಿಗೆ ವಿಶ್ಲೇಷಕರೆಂದು ಹೆಸರು. ಇವರು ದಲ್ಲಾಳಿ ಸಂಸ್ಥೆಗಳಲ್ಲಿ, ದೊಡ್ಡ ಬ್ಯಾಂಕುಗಳಲ್ಲಿ ಕುಳಿತು, ಒಂದೊಂದು ಕಂಪೆನಿಯ ಲೆಕ್ಕಪತ್ರಗಳನ್ನೂ ಅಗೆದು ನೋಡಿ, ಅದರ ಆಡಳಿತಗಾರರನ್ನು ಕಂಡು ಮಾತನಾಡಿ, ಬರುವ ತ್ರೈಮಾಸಿಕದಲ್ಲಿ ಒಂದು ಷೇರಿಗೆ ಎಷ್ಟು ರೂಪಾಯಿ ಗಳಿಕೆಯಾದೀತೆಂದು ಅಂದಾಜು ಮಾಡುತ್ತಾರೆ. ಆಮೇಲೆ ‘ಕೊಳ್ಳಿ’, ‘ಇಟ್ಟುಕೊಳ್ಳಿ’, ‘ಮಾರಿ’ ಎಂದು ಮೂರರಲ್ಲೊಂದು ಮಾತು ಹೇಳುತ್ತಾರೆ. ಎಲ್ಲರ ಅಂದಾಜನ್ನೂ ಕೂಡಿಸಿ ಸರಾಸರಿ ತೆಗೆದರೆ ಅದೇ ಪೇಟೆಯ ನಿರೀಕ್ಷೆ. ಕಂಪೆನಿಯ ನಿಜವಾದ ಗಳಿಕೆ ಈ ಅಂಕಿಯನ್ನು ಮೀರಿದರೆ ಷೇರಿನ ಬೆಲೆ ಏರುತ್ತದೆ. ಕೆಳಗಿಳಿದರೆ, ಲಾಭ ಬಂದಿದ್ದರೂ ಸಹ, ಬೆಲೆ ಬೀಳುತ್ತದೆ.

ಇಷ್ಟರಮಟ್ಟಿಗೆ ಎರಡು ಪಂಚಾಂಗಗಳೂ ಒಂದೇ. ಆದರೆ ಈ ಎರಡನೆಯದನ್ನು ಒರೆಗೆ ಹಚ್ಚಿದವರಿದ್ದಾರೆ. ತೊಂಬತ್ತು ವರ್ಷಗಳಿಗೂ ಮೇಲ್ಪಟ್ಟು ವಿದ್ವಾಂಸರು ಹಳೆಯ ಮುನ್ಸೂಚನೆಗಳನ್ನು ಪೆಟ್ಟಿಗೆಯಿಂದ ತೆಗೆದು, ನಡೆದದ್ದರ ಜೊತೆ ತಾಳೆ ನೋಡುತ್ತ ಬಂದಿದ್ದಾರೆ. ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಬೋಧಿಸಿ ನಿವೃತ್ತನಾದ ನಾನು ಈ ಸಂಶೋಧನೆಗಳ ಹೆಸರನ್ನು ಬಹಳ ಹಿಂದೆಯೇ ಕೇಳಿದ್ದವನು. ಅವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಓದುವಂತೆ ಮಾಡಿದವಳು ಮಾತ್ರ ನನ್ನ ತಂಗಿ.

ಅವಳ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಮೂವತ್ತನಾಲ್ಕು ವರ್ಷ ದುಡಿದವರ ಗ್ರಾಚ್ಯುಯಿಟಿ, ಭವಿಷ್ಯ ನಿಧಿ, ವಿಮೆ ಎಲ್ಲ ಸೇರಿ ಅವಳ ಖಾತೆಗೆ ಬಂದು ಬಿದ್ದಿದ್ದವು. ಇನ್ನು ಬರುವುದೇನೂ ಇಲ್ಲ. ಇದ್ದದ್ದರಲ್ಲಿಯೇ ಇನ್ನು ಇಪ್ಪತ್ತು ಇಪ್ಪತ್ತೈದು ವರ್ಷ ಸಾಗಬೇಕು. ಅವಳ ಮಗ ಬುದ್ಧಿವಂತ ಹುಡುಗ, ಬೆಂಗಳೂರಿನಲ್ಲಿ ಕೆಲಸ. ಬ್ಯಾಂಕಿನ ಬಡ್ಡಿ ಬೆಲೆಯೇರಿಕೆಗೆ ಸಾಲದೆಂದೂ, ಅರ್ಧಕ್ಕಿಂತ ಹೆಚ್ಚಿನ ಹಣವನ್ನು ಆರಿಸಿದ ನಾಲ್ಕೈದು ಕಂಪೆನಿಗಳ ಷೇರುಗಳಲ್ಲಿ ತೊಡಗಿಸಬೇಕೆಂದೂ ಅವನ ಆಲೋಚನೆ. ಒಂದು ಭಾನುವಾರ ನನ್ನ ಮುಂದೆ ಕಾಗದಗಳ ಕಟ್ಟನ್ನೇ ತಂದಿಟ್ಟ.

“ಮಾವ, ಇದು ನನ್ನ ಮಾತಲ್ಲ. ನೀವೇ ನೋಡಿ, ಈ ಕಂಪೆನಿಯನ್ನು ಇಪ್ಪತ್ತು ಜನ ವಿಶ್ಲೇಷಕರು ಪರೀಕ್ಷೆ ಮಾಡಿದ್ದಾರೆ. ಹದಿನೇಳು ಜನ ‘ಕೊಳ್ಳಿ’ ಎಂದೇ ಹೇಳಿದ್ದಾರೆ.”

ತಂಗಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. “ಅಣ್ಣ, ಇಷ್ಟು ಓದಿದವರು, ಅದೂ ಹದಿನೇಳು ಜನ ಸೇರಿ ಹೇಳಿದ್ದು ಸುಳ್ಳಾಗುತ್ತದೆಯೆ?” ಎಂದಳು. ಪ್ರಶ್ನೆ ಸಣ್ಣದು. ಆದರೆ ಅದರ ಮೇಲೆ ಒಬ್ಬಳ ಉಳಿದ ಬಾಳಿನ ಊಟ, ಬಟ್ಟೆ, ಔಷಧಿ ಎಲ್ಲ ನಿಂತಿದ್ದವು. “ಒಂದು ತಿಂಗಳು ಬಿಡುವು ಕೊಡಮ್ಮ, ಹೇಳುತ್ತೇನೆ” ಎಂದೆ.

ಈ ಪ್ರಶ್ನೆಯನ್ನು ಮೊಟ್ಟಮೊದಲು ಕ್ರಮವಾಗಿ ಕೇಳಿದವನು ಆಲ್ಫ್ರೆಡ್ ಕೌಲ್ಸ್ ಎಂಬ ಅಮೆರಿಕದ ಶ್ರೀಮಂತ. 1891ರಲ್ಲಿ ಹುಟ್ಟಿದ ಈತ ಕ್ಷಯರೋಗದ ದೆಸೆಯಿಂದ ಕೊಲರಾಡೋ ಪ್ರಾಂತದ ಬೆಟ್ಟದ ಊರೊಂದರಲ್ಲಿ ನೆಲಸಬೇಕಾಯಿತು. ಅಲ್ಲಿದ್ದುಕೊಂಡೇ ಮನೆತನದ ಹಣವನ್ನು ನೋಡಿಕೊಳ್ಳಲು, ಷೇರುಗಳ ಭವಿಷ್ಯ ಹೇಳುವ ಹಲವಾರು ಪತ್ರಿಕೆಗಳಿಗೆ ಚಂದಾ ಕಟ್ಟಿ ತರಿಸುತ್ತಿದ್ದ. 1929ರಲ್ಲಿ ನ್ಯೂಯಾರ್ಕಿನ ಪೇಟೆ ಕುಸಿದು ಬಿತ್ತು. ಈ ಅನಾಹುತವನ್ನು ಮುಂದಾಗಿ ಹೇಳಬೇಕಾದವರು ಹೇಳಿದರೆ, ಇಲ್ಲವೆ, ಎಂಬುದನ್ನು ತಿಳಿಯಲು ಆತ ಲೆಕ್ಕ ಹಾಕತೊಡಗಿದ. 1932ರಲ್ಲಿ ಸ್ವಂತ ಹಣದಿಂದ ಅರ್ಥಶಾಸ್ತ್ರದ ಸಂಶೋಧನ ಸಂಸ್ಥೆಯೊಂದನ್ನೂ ಹುಟ್ಟುಹಾಕಿದ. 1933ರಲ್ಲಿ ಪ್ರಕಟವಾದ ಆತನ ಲೇಖನದ ಹೆಸರೇ ಒಂದು ಪ್ರಶ್ನೆ: ಷೇರು ಪೇಟೆಯ ಭವಿಷ್ಯ ಹೇಳುವವರಿಗೆ ಭವಿಷ್ಯ ಹೇಳಲು ಬರುತ್ತದೆಯೆ?

ಕೌಲ್ಸ್ 16 ಸಲಹಾ ಸಂಸ್ಥೆಗಳು ನಾಲ್ಕೂವರೆ ವರ್ಷಗಳಲ್ಲಿ ನೀಡಿದ್ದ ಸುಮಾರು 7,500 ಶಿಫಾರಸುಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಅವರ ಮಾತಿನಂತೆ ನಡೆದವನಿಗೆ ಸಾಧಾರಣ ಷೇರುಗಳ ಸರಾಸರಿಗಿಂತ ವರ್ಷಕ್ಕೆ ಶೇಕಡ 1.43ರಷ್ಟು ಕಡಿಮೆಯೇ ಸಿಕ್ಕುತ್ತಿತ್ತು. ನ್ಯೂಯಾರ್ಕಿನ ಪ್ರಸಿದ್ಧ ವಾಣಿಜ್ಯ ಪತ್ರಿಕೆಯ ಸಂಪಾದಕ ವಿಲಿಯಂ ಹ್ಯಾಮಿಲ್ಟನ್ ಎಂಬಾತ 1903ರಿಂದ 1929ರವರೆಗೆ ಬರೆದ ಸಂಪಾದಕೀಯಗಳನ್ನೂ ಆತ ಬಿಡಲಿಲ್ಲ. ಹ್ಯಾಮಿಲ್ಟನ್ನರ ಭವಿಷ್ಯವಾಣಿಯಂತೆ ಕೊಂಡು ಮಾರಿದ್ದರೆ ವರ್ಷಕ್ಕೆ ಶೇಕಡ 12 ಬರುತ್ತಿತ್ತು. ಒಮ್ಮೆ ಕೊಂಡು ಸುಮ್ಮನೆ ಕುಳಿತಿದ್ದರೆ ಶೇಕಡ 15.5 ಬರುತ್ತಿತ್ತು! ಇಸ್ಪೀಟಿನ ಎಲೆಗಳನ್ನು ಕಲಸಿ, ಬಂದ ಎಲೆಯಂತೆ ಭವಿಷ್ಯ ಹೇಳಿ ನೋಡಿದಾಗ, ಅದೃಷ್ಟದ ಎಲೆಗಳ ದಾಖಲೆ ಅತ್ಯುತ್ತಮ ಪಂಡಿತರ ದಾಖಲೆಗೆ ಏನೂ ಕಡಿಮೆಯಾಗಲಿಲ್ಲ. ತನ್ನ ಪ್ರಶ್ನೆಗೆ ಕೌಲ್ಸ್ ಕೊಟ್ಟ ಉತ್ತರ, ‘ಸಂದೇಹ’ ಎಂಬುದು. ಯಾರೋ ಆತುರದ ತೀರ್ಮಾನವೆಂದಾರೆಂದು 1944ರಲ್ಲಿ ಇನ್ನೂ ಸುಮಾರು ಏಳು ಸಾವಿರ ಮುನ್ಸೂಚನೆಗಳನ್ನು ಪರೀಕ್ಷಿಸಿದ. ಫಲ ಬದಲಾಗಲಿಲ್ಲ.

ಇದು ಬೆಲೆಯ ಮಾತಾಯಿತು. ಗಳಿಕೆಯ ಮಾತೇನು? ಬೆಲೆ ಜನರ ಮನಸ್ಸಿನಂತೆ ಕುಣಿದೀತು, ಆದರೆ ಒಂದು ಕಂಪೆನಿಯ ಲಾಭ ಗಟ್ಟಿಯಾದ ವಸ್ತುವಲ್ಲವೆ? ಐದು ವರ್ಷ ಚೆನ್ನಾಗಿ ಬೆಳೆದ ಕಂಪೆನಿ ಆರನೆಯ ವರ್ಷವೂ ಬೆಳೆಯದೆ ಏನು? ನಮ್ಮ ಅಳಿಯನ ವಾದವೂ ಇದೇ. 1962ರಲ್ಲಿ ಆಕ್ಸ್‌ಫರ್ಡಿನ ಅರ್ಥಶಾಸ್ತ್ರಜ್ಞ ಇಯನ್ ಲಿಟಲ್ ಬ್ರಿಟಿಷ್ ಕಂಪೆನಿಗಳ ಲೆಕ್ಕಗಳನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸಿದರು. ಹಿಂದೆ ಬೇಗ ಬೆಳೆದ ಕಂಪೆನಿ ಮುಂದೆಯೂ ಬೇಗ ಬೆಳೆಯುತ್ತದೆ ಎನ್ನುವುದಕ್ಕೆ ಅವರಿಗೆ ಆಧಾರವೇ ಸಿಗಲಿಲ್ಲ. ಆ ಬರಹಕ್ಕೆ ಅವರಿಟ್ಟ ಹೆಸರನ್ನು ನಮ್ಮ ಭಾಷೆಯಲ್ಲಿ ‘ಅಡ್ಡಾದಿಡ್ಡಿ ಬೆಳವಣಿಗೆ’ ಎನ್ನಬಹುದು. 1968ರಲ್ಲಿ ಕ್ರ್ಯಾಗ್ ಮತ್ತು ಮಾಲ್ಕಿಯೆಲ್ ಎಂಬ ಇಬ್ಬರು, ಹಲವು ದೊಡ್ಡ ಸಂಸ್ಥೆಗಳ ವಿಶ್ಲೇಷಕರು ಹೇಳಿದ ಮುಂದಿನ ಐದು ವರ್ಷಗಳ ಬೆಳವಣಿಗೆಯನ್ನು ನಡೆದ ಬೆಳವಣಿಗೆಯೊಡನೆ ಹೋಲಿಸಿದರು. ಹಳೆಯ ಅಂಕಿಗಳನ್ನೇ ಹಾಗೇ ಮುಂದಕ್ಕೆಳೆದು ಬರೆದುಬಿಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಈ ಪರಿಶ್ರಮದ ಅಂದಾಜುಗಳು ಹೆಚ್ಚೇನೂ ಮೇಲಾಗಿರಲಿಲ್ಲ.

ನ್ಯಾಯಕ್ಕೆ ಕಣ್ಣು ಎರಡು. ಮತ್ತೊಂದು ಮಾತನ್ನೂ ಹೇಳಬೇಕು. 1978ರಲ್ಲಿ ಬ್ರೌನ್ ಮತ್ತು ರೋಜೆಫ್ ಎಂಬವರು ತೋರಿಸಿದಂತೆ, ಹತ್ತಿರದ ಗಳಿಕೆಯನ್ನು ಹೇಳುವಾಗ ವಿಶ್ಲೇಷಕರು ಬರಿಯ ಗಣಿತದ ಸೂತ್ರಗಳಿಗಿಂತ ಮೇಲು. ಅದು ಸಹಜವೇ. ಕಾರ್ಖಾನೆಯ ಬಾಗಿಲಿಗೆ ಹೋಗಿ ನೋಡಿಬಂದವನಿಗೆ, ಮನೆಯಲ್ಲಿ ಕುಳಿತು ಗುಣಾಕಾರ ಮಾಡುವವನಿಗಿಂತ ಒಂದಿಷ್ಟು ಹೆಚ್ಚು ತಿಳಿದೇ ಇರುತ್ತದೆ. ಮೋಡ ಕವಿದದ್ದನ್ನು ಕಂಡು ಸಂಜೆ ಮಳೆ ಬರುತ್ತದೆನ್ನುವ ರೈತನ ಮಾತು ಸುಳ್ಳಾಗುವುದು ಅಪರೂಪ. ಮುಂದಿನ ಐದು ವರ್ಷಗಳ ಮಳೆಯನ್ನು ಹೇಳು ಎಂದರೆ ಆ ರೈತನೇ ನಕ್ಕಾನು.

ಹಾಗಾದರೆ ಹದಿನೇಳು ಜನ ‘ಕೊಳ್ಳಿ’ ಎಂದದ್ದೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಕೆಂಟ್ ವೋಮ್ಯಾಕ್ ಎಂಬ ಪ್ರಾಧ್ಯಾಪಕರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಅಮೆರಿಕದ ದೊಡ್ಡ ದಲ್ಲಾಳಿ ಸಂಸ್ಥೆಗಳ ಹೊಸ ಶಿಫಾರಸುಗಳಲ್ಲಿ ಒಂದು ‘ಮಾರಿ’ಗೆ ಏಳು ‘ಕೊಳ್ಳಿ’ಗಳಿದ್ದವು. ‘ಕೊಳ್ಳಿ’ ಎಂದ ಷೇರುಗಳು ಆಮೇಲೆ ಸರಾಸರಿ ಶೇಕಡ 2.4ರಷ್ಟು ಮೇಲೇರಿ ಸ್ವಲ್ಪ ದಿನಗಳಲ್ಲಿಯೇ ತಣ್ಣಗಾದವು. ಅಪರೂಪಕ್ಕೆ ‘ಮಾರಿ’ ಎಂದವು ಮಾತ್ರ ಆರು ತಿಂಗಳು ಬೀಳುತ್ತಲೇ ಹೋಗಿ ಶೇಕಡ 9.1ರಷ್ಟು ಇಳಿದವು. ಸದಾ ಹೊಗಳುವವನು ಒಮ್ಮೆ ಬಾಯಿ ಬಿಟ್ಟು ತೆಗಳಿದರೆ, ಅದರಲ್ಲಿ ಸತ್ಯ ಹೆಚ್ಚೆಂದು ಅರ್ಥ.

ನಮ್ಮಲ್ಲಿ ಜಾತಕ ಹಿಡಿದು ಮನೆಮನೆಗೆ ಬರುತ್ತಿದ್ದ ಮದುವೆ ದಲ್ಲಾಳಿಯನ್ನು ಹಿರಿಯ ಓದುಗರು ನೆನೆಸಿಕೊಳ್ಳಬಹುದು. ಆತನ ಕೈಯಲ್ಲಿದ್ದ ಗಂಡುಗಳೆಲ್ಲ ಗುಣವಂತರು, ಹೆಣ್ಣುಗಳೆಲ್ಲ ಲಕ್ಷಣವಂತರು. ಮದುವೆಯಾದರೆ ತಾನೆ ಆತನಿಗೆ ದಕ್ಷಿಣೆ! ವಿಶ್ಲೇಷಕನ ಸ್ಥಿತಿಯೂ ಇದಕ್ಕೆ ಬಹಳ ದೂರವಿರಲಿಲ್ಲ. ಅವನಿಗೆ ಸಂಬಳ ಕೊಡುವ ಸಂಸ್ಥೆಯೇ ಕಂಪೆನಿಗಳ ಹೊಸ ಷೇರುಗಳನ್ನು ಮಾರಿಕೊಡುವ ಕಸುಬನ್ನೂ ಮಾಡುತ್ತಿತ್ತು. ಯಾರ ಷೇರನ್ನು ಮಾರಿಕೊಟ್ಟು ಹಣ ಗಳಿಸಬೇಕೋ ಅವರನ್ನೇ ‘ಕೆಟ್ಟ ಕಂಪೆನಿ’ ಎನ್ನಲು ನಾಲಗೆ ಹೇಗೆ ಬಂದೀತು? ತನ್ನ ಸಂಸ್ಥೆಯೇ ಪೇಟೆಗೆ ತಂದ ಷೇರನ್ನು ಹೊಗಳಿದ ವಿಶ್ಲೇಷಕರ ಶಿಫಾರಸುಗಳು, ಹೊರಗಿನವರ ಶಿಫಾರಸುಗಳಿಗಿಂತ ಕೆಟ್ಟ ಫಲ ಕೊಟ್ಟವೆಂದು ಮೈಕೇಲಿ ಮತ್ತು ವೋಮ್ಯಾಕ್ 1999ರಲ್ಲಿ ತೋರಿಸಿದರು.

ಎರಡನೆಯ ಕಾರಣ ಭಯ. ಹಾಂಗ್, ಕ್ಯೂಬಿಕ್, ಸಾಲೊಮನ್ ಎಂಬ ಮೂವರು 2000ದಲ್ಲಿ ಬರೆದದ್ದನ್ನು ಓದಿದಾಗ ನನ್ನ ಕಾಲೇಜಿನ ಕಿರಿಯ ಅಧ್ಯಾಪಕರೆಲ್ಲ ಕಣ್ಣ ಮುಂದೆ ಬಂದರು. ಕೆಲಸಕ್ಕೆ ಹೊಸಬನಾದ ವಿಶ್ಲೇಷಕ ಎಲ್ಲರಿಗಿಂತ ಬೇರೆಯಾದ ಅಂಕಿ ಹೇಳಿ ತಪ್ಪಿದರೆ, ಹಳಬನಿಗಿಂತ ಸುಲಭವಾಗಿ ಕೆಲಸ ಕಳೆದುಕೊಳ್ಳುತ್ತಾನೆ. ಅದಕ್ಕಾಗಿ ಅವನು ಹತ್ತರೊಡನೆ ಹನ್ನೊಂದನೆಯವನಾಗಿ ನಿಲ್ಲುತ್ತಾನೆ. ಹಾಗೆಂದ ಮೇಲೆ ಹದಿನೇಳು ಜನರ ಮಾತು ಹದಿನೇಳು ಸಾಕ್ಷಿಗಳಾಗುವುದಿಲ್ಲ. ಒಂದೇ ಸಾಕ್ಷಿಯ ಮಾತು ಹದಿನೇಳು ಬಾಯಿಂದ ಕೇಳಿಸಿರಬಹುದು.

ಇದರ ಫಲವನ್ನು ಲೋಕ ಕಂಡದ್ದು 2001ರಲ್ಲಿ. ಅಮೆರಿಕದ ಎನ್ರಾನ್ ಕಂಪೆನಿ ಆ ವರ್ಷದ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕೆಲವೇ ವಾರಗಳ ಮುಂಚಿನವರೆಗೂ ಅದನ್ನು ಪರೀಕ್ಷಿಸುತ್ತಿದ್ದ ವಿಶ್ಲೇಷಕರಲ್ಲಿ ಹೆಚ್ಚಿನವರು ‘ಕೊಳ್ಳಿ’ ಎಂದೇ ಹೇಳುತ್ತಿದ್ದರು. 2003ರಲ್ಲಿ ಅಲ್ಲಿನ ಹತ್ತು ದೊಡ್ಡ ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ತೆತ್ತು ಸರ್ಕಾರದೊಡನೆ ರಾಜಿಯಾದವು. ವಿಶ್ಲೇಷಣೆಯನ್ನೂ ಷೇರು ಮಾರಿಕೊಡುವ ವ್ಯವಹಾರವನ್ನೂ ಬೇರೆ ಬೇರೆಯಾಗಿಡಲು ಒಪ್ಪಿಕೊಂಡವು. ನಮ್ಮ ದೇಶದಲ್ಲಿಯೂ ಸೆಬಿ 2014ರಲ್ಲಿ ನಿಯಮಾವಳಿ ತಂದು, ವಿಶ್ಲೇಷಕರು ನೋಂದಣಿ ಮಾಡಿಸಿಕೊಳ್ಳಬೇಕೆಂದೂ, ತಾವು ಹೊಗಳುವ ಕಂಪೆನಿಯಲ್ಲಿ ತಮಗೇನಾದರೂ ಹಿತಾಸಕ್ತಿಯಿದ್ದರೆ ಬಹಿರಂಗಪಡಿಸಬೇಕೆಂದೂ ವಿಧಿಸಿತು. ವರದಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವುದು ಅದೇ. ಅಳಿಯ ತಂದ ಕಟ್ಟಿನಲ್ಲಿ ನಾನು ಮೊದಲು ಓದಿದ್ದು ಆ ಪುಟವನ್ನು.

ಪಂಚಾಂಗ ಬರೆಯುವವರ ಕಥೆ ಇದಾದರೆ, ಗ್ರಹಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಆಕಾಶದ ಗ್ರಹಗಳು ಪಂಚಾಂಗವನ್ನು ಓದುವುದಿಲ್ಲ; ಕಂಪೆನಿಗಳು ಓದುತ್ತವೆ. ತಮ್ಮ ಬಗ್ಗೆ ಏನು ನಿರೀಕ್ಷೆಯಿದೆಯೆಂದು ತಿಳಿದುಕೊಂಡು, ಅದಕ್ಕೆ ಕೂದಲೆಳೆಯಷ್ಟು ಮೇಲೆ ಬಂದು ನಿಲ್ಲುವ ಕಲೆಯನ್ನು ಅವು ಕಲಿತಿವೆ. ವರ್ಷದ ಆರಂಭದಲ್ಲಿ ಎತ್ತರದಲ್ಲಿದ್ದ ಅಂದಾಜು, ಫಲಿತಾಂಶದ ದಿನ ಹತ್ತಿರವಾದಂತೆ ಮೆಲ್ಲಗೆ ಮೆಟ್ಟಿಲಿಳಿದು, ಸುಲಭವಾಗಿ ದಾಟಬಹುದಾದ ಮಟ್ಟಕ್ಕೆ ಬರುವುದನ್ನು ಸಂಶೋಧಕರು ಗುರುತಿಸಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಗ್ರಹ್ಯಾಂ, ಹಾರ್ವೆ, ರಾಜಗೋಪಾಲ್ ಎಂಬವರು ಅಮೆರಿಕದ ನಾನೂರಕ್ಕೂ ಹೆಚ್ಚು ಹಣಕಾಸು ಅಧಿಕಾರಿಗಳನ್ನು ನೇರವಾಗಿಯೇ ಕೇಳಿದರು. ಗಳಿಕೆಯ ಗುರಿ ತಪ್ಪುವಂತಿದ್ದರೆ ಸಂಶೋಧನೆ, ಜಾಹೀರಾತು, ಯಂತ್ರಗಳ ದುರಸ್ತಿ ಮುಂತಾದ ಖರ್ಚನ್ನು ಕಡಿತ ಮಾಡುತ್ತೇವೆ ಎಂದವರು ಶೇಕಡ 80. ಹೊಸ ಯೋಜನೆಯನ್ನೇ ಮುಂದಕ್ಕೆ ಹಾಕುತ್ತೇವೆ ಎಂದವರು ಅರ್ಧಕ್ಕಿಂತ ಹೆಚ್ಚು. ನೆಂಟರು ಬರುವ ದಿನ ಮನೆಯನ್ನು ಚೊಕ್ಕಟ ಮಾಡಿ, ಸೋರುವ ಮಾಡಿಗೆ ಹೆಂಚು ಹೊದಿಸುವುದನ್ನು ಮುಂದಿನ ವರ್ಷಕ್ಕೆ ಬಿಟ್ಟ ಹಾಗೆ!

ನಿರೀಕ್ಷೆಯ ಪೆಟ್ಟು ಎಂಥದೆಂಬುದನ್ನು ಬೆಂಗಳೂರೂ ಕಂಡಿದೆ. ಮುಂದಿನ ಅವಧಿಯ ಗಳಿಕೆ ಇಷ್ಟಾದೀತೆಂದು ಕಂಪೆನಿಯೇ ಮುಂದಾಗಿ ಹೇಳುವ ಪದ್ಧತಿಯನ್ನು ನಮ್ಮ ದೇಶದಲ್ಲಿ ಹೆಸರಾಗಿಸಿದ್ದು ಇಲ್ಲಿನ ಇನ್ಫೋಸಿಸ್. 2003ರ ಏಪ್ರಿಲ್ 10ರಂದು ಅದು ತನ್ನ ವಾರ್ಷಿಕ ಲೆಕ್ಕವನ್ನು ಪ್ರಕಟಿಸಿತು. ಲಾಭ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿಯೇ ಇತ್ತು. ಆದರೆ ಮುಂದಿನ ವರ್ಷದ ಬಗ್ಗೆ ಕಂಪೆನಿ ಹೇಳಿದ ಅಂಕಿ ಪೇಟೆಯ ನಿರೀಕ್ಷೆಗಿಂತ ಕೆಳಗಿತ್ತು. ಅಷ್ಟಕ್ಕೆ ಒಂದೇ ದಿನದಲ್ಲಿ ಷೇರಿನ ಬೆಲೆಯ ಕಾಲುಭಾಗಕ್ಕೂ ಹೆಚ್ಚು ಕರಗಿಹೋಯಿತು. ಕಂಪೆನಿ ಹಿಂದಿನ ದಿನ ಇದ್ದ ಹಾಗೆಯೇ ಇತ್ತು, ಕೆಲಸಗಾರರೂ ಅವರೇ, ಗಿರಾಕಿಗಳೂ ಅವರೇ. ಜನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಅಂಕಿಯೊಂದು ಒಡೆದಿತ್ತು.

ಇಲ್ಲಿಯವರೆಗೆ ಓದಿದ ಮೇಲೆ, ತಪ್ಪೆಲ್ಲ ಹೇಳುವವರದೇ ಎಂದು ತೀರ್ಮಾನಿಸಲು ನನಗೆ ಬಹಳ ಆಸೆಯಾಯಿತು. ಆದರೆ ಸಂಶೋಧಕರು ಕೇಳುವವರನ್ನೂ ಬಿಟ್ಟಿಲ್ಲ. 1968ರಲ್ಲಿ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಎಂಬ ಆಸ್ಟ್ರೇಲಿಯದ ಇಬ್ಬರು ವಿದ್ವಾಂಸರು, ಕಂಪೆನಿಯ ವಾರ್ಷಿಕ ಲೆಕ್ಕದಲ್ಲಿರುವ ಸುದ್ದಿಯ ಬಹುಭಾಗ ಅದು ಪ್ರಕಟವಾಗುವುದಕ್ಕೆ ಮುಂಚೆಯೇ ಬೆಲೆಯಲ್ಲಿ ಸೇರಿಹೋಗಿರುತ್ತದೆಂದು ತೋರಿಸಿದರು. ಎಂದರೆ ಪತ್ರಿಕೆಯಲ್ಲಿ ಓದಿ ಓಡುವವನು ಜಾತ್ರೆ ಮುಗಿದ ಮೇಲೆ ತೇರು ನೋಡಲು ಹೋದಂತೆ. ಅದೇ ವೇಳೆಗೆ ಇನ್ನೊಂದು ವಿಚಿತ್ರವೂ ಅವರಿಗೆ ಕಂಡಿತು. ಉಳಿದ ಸ್ವಲ್ಪ ಸುದ್ದಿಯನ್ನು ಪೇಟೆ ಒಮ್ಮೆಗೇ ಅರಗಿಸಿಕೊಳ್ಳದೆ, ಫಲಿತಾಂಶ ಬಂದ ಅನಂತರವೂ ಅದೇ ದಿಕ್ಕಿನಲ್ಲಿ ತೇಲುತ್ತಿತ್ತು. 1989ರಲ್ಲಿ ಬರ್ನಾರ್ಡ್ ಮತ್ತು ಥಾಮಸ್ ಇದನ್ನು ಇನ್ನಷ್ಟು ಖಚಿತಪಡಿಸಿದರು. ಶುಕ್ರವಾರ ಪ್ರಕಟವಾದ ಫಲಿತಾಂಶಕ್ಕೆ ಆ ದಿನ ಪೇಟೆ ಕಡಿಮೆ ಸ್ಪಂದಿಸಿ, ಆಮೇಲೆ ನಿಧಾನವಾಗಿ ಹೆಚ್ಚು ಸ್ಪಂದಿಸುತ್ತದೆಂದು 2009ರಲ್ಲಿ ಮತ್ತಿಬ್ಬರು ಕಂಡುಹಿಡಿದರು. ವಾರಾಂತ್ಯದ ರಜೆಯ ಗುಂಗು ಕೋಟ್ಯಧೀಶರನ್ನೂ ಬಿಟ್ಟಿಲ್ಲವೆಂದು ಓದಿ ನನಗೆ ಸಮಾಧಾನವೇ ಆಯಿತು.

ಬ್ರ್ಯಾಡ್ ಬಾರ್ಬರ್ ಮತ್ತು ಟೆರನ್ಸ್ ಓಡೀನ್ 2000ದಲ್ಲಿ ಪ್ರಕಟಿಸಿದ ಲೆಕ್ಕವಂತೂ ಪ್ರತಿಯೊಂದು ಮನೆಯ ಗೋಡೆಯ ಮೇಲೂ ತೂಗುಹಾಕಬೇಕಾದದ್ದು. ಅಮೆರಿಕದ ಒಂದು ದಲ್ಲಾಳಿ ಸಂಸ್ಥೆಯ 66,465 ಸಂಸಾರಗಳ ಖಾತೆಗಳನ್ನು ಅವರು 1991ರಿಂದ 1996ರವರೆಗೆ ಪರಿಶೀಲಿಸಿದರು. ಆ ಅವಧಿಯಲ್ಲಿ ಪೇಟೆ ವರ್ಷಕ್ಕೆ ಶೇಕಡ 17.9ರಷ್ಟು ಪ್ರತಿಫಲ ಕೊಟ್ಟಿತ್ತು. ಅತಿ ಹೆಚ್ಚು ಕೊಂಡು ಮಾರಿದವರ ಕೈಗೆ ಬಂದದ್ದು ಶೇಕಡ 11.4. ಮರುವರ್ಷ ಅವರೇ ಇನ್ನೊಂದು ಲೆಕ್ಕ ತೆಗೆದು, ಗಂಡಸರು ಹೆಂಗಸರಿಗಿಂತ ಶೇಕಡ 45ರಷ್ಟು ಹೆಚ್ಚು ವ್ಯಾಪಾರ ಮಾಡುತ್ತಾರೆಂದೂ, ಅದರಿಂದ ಹೆಚ್ಚು ಕಳೆದುಕೊಳ್ಳುತ್ತಾರೆಂದೂ ತೋರಿಸಿದರು. ಇದನ್ನು ನನ್ನಾಕೆಗೆ ಓದಿ ಹೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆ, “ಇದನ್ನು ತಿಳಿಯುವುದಕ್ಕೆ ಅರವತ್ತು ಸಾವಿರ ಮನೆಗಳಿಗೆ ಹೋಗಬೇಕಾಗಿತ್ತೆ?” ಎಂದಳು.

ನಮ್ಮ ದೇಶದ ಅಂಕಿಯೂ ಇದೆ. ಷೇರುಗಳ ಮುಂಗಡ ಕರಾರಿನ ವ್ಯಾಪಾರದಲ್ಲಿ, ಎಂದರೆ ಫ್ಯೂಚರ್ಸ್, ಆಪ್ಷನ್ಸ್ ಎಂದು ಹುಡುಗರ ಬಾಯಲ್ಲಿ ಕೇಳುವ ಆಟದಲ್ಲಿ, 2024ರ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇಕಡ 93 ಮಂದಿ ನಷ್ಟ ಹೊಂದಿದರೆಂದು ಸೆಬಿ ಪ್ರಕಟಿಸಿತು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲು. ಈ ಅಂಕಿಯನ್ನು ನಾನು ಓದಿದಾಗ ಅಳಿಯನ ಮುಖ ಬದಲಾಯಿತು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, ತಾನೂ ಆ ತೊಂಬತ್ತಮೂರರಲ್ಲಿ ಒಬ್ಬನೆಂದು ಹೇಳಿದ. ಎರಡು ವರ್ಷದ ಉಳಿತಾಯ ಹೋಗಿತ್ತು. ಉಳಿದ ಒಂದು ಷೇರು ಅರ್ಧ ಬೆಲೆಗೆ ಇಳಿದಿತ್ತು. “ಅಸಲು ಬಂದ ಕೂಡಲೆ ಅದನ್ನು ಮಾರಿಬಿಡುತ್ತೇನೆ ಮಾವ” ಎಂದ. ತಾಯಿಯ ಹಣದಿಂದ ಬೇಗ ಲಾಭ ತೋರಿಸಿ ಮನಸ್ಸಿನ ಭಾರ ಇಳಿಸಿಕೊಳ್ಳುವ ಆತುರ ಅವನಿಗಿತ್ತೆಂಬುದು ನನಗೆ ಆಗ ಹೊಳೆಯಿತು.

‘ಅಸಲು ಬಂದ ಕೂಡಲೆ’ ಎಂಬ ಮಾತಿಗೂ ಶಾಸ್ತ್ರವಿದೆ. ಲಾಭ ಕೊಡುವ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟ ಕೊಡುವ ಸಂಕಟ ಸುಮಾರು ಎರಡು ಪಟ್ಟು ದೊಡ್ಡದೆಂದು ಡೇನಿಯಲ್ ಕಾನಮನ್, ಆಮೊಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಪ್ರಯೋಗಗಳಿಂದ ತೋರಿಸಿದ್ದರು. ಕಾನಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಅದರ ಜಾಡಿನಲ್ಲಿ ಓಡೀನ್ 1998ರಲ್ಲಿ 10,000 ಖಾತೆಗಳನ್ನು ಪರೀಕ್ಷಿಸಿದಾಗ, ಜನ ಲಾಭದ ಷೇರನ್ನು ಬೇಗ ಮಾರಿ, ನಷ್ಟದ ಷೇರನ್ನು ತಬ್ಬಿಕೊಂಡು ಕೂರುವುದು ಸ್ಪಷ್ಟವಾಯಿತು. ಅವರು ಮಾರಿದ ಷೇರುಗಳೇ ಮುಂದಿನ ವರ್ಷ, ಇಟ್ಟುಕೊಂಡ ಷೇರುಗಳಿಗಿಂತ ಹೆಚ್ಚು ಬೆಳೆದವು. ಮಾರಿದರೆ ನಷ್ಟವನ್ನು ಒಪ್ಪಿಕೊಂಡಂತೆ. ಇಟ್ಟುಕೊಂಡಿದ್ದರೆ ಆಸೆ ಇನ್ನೂ ಜೀವಂತ.

ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗ ತಂಗಿ ಒಳಗೆ ಹೋಗಿ ಒಂದು ಹಳೆಯ ಕಡತ ತಂದಳು. ಅವಳ ಯಜಮಾನರು ಇಪ್ಪತ್ತು ವರ್ಷಗಳ ಹಿಂದೆ ಮೂರು ಕಂಪೆನಿಗಳಲ್ಲಿ ಕೊಂಡಿದ್ದ ಸ್ವಲ್ಪ ಷೇರುಗಳ ಲೆಕ್ಕ, ಅವರದೇ ದುಂಡನೆಯ ಅಕ್ಷರದಲ್ಲಿ. ಒಂದು ಕಂಪೆನಿ ಹೆಚ್ಚು ಕಡಿಮೆ ಮುಳುಗಿಯೇ ಹೋಗಿತ್ತು. “ಇದನ್ನು ಮಾರೆಂದು ಇವನು ಹೇಳುತ್ತಾನೆ ಅಣ್ಣ. ಅವರು ಕೊಂಡದ್ದು. ನನಗೆ ಕೈ ಬರುವುದಿಲ್ಲ. ಆ ಪುಸ್ತಕಗಳಲ್ಲಿ ಇದಕ್ಕೂ ಏನಾದರೂ ಬರೆದಿದೆಯೆ?” ಎಂದಳು.

ಬರೆದಿರಲಿಲ್ಲ. ಹತ್ತು ಸಾವಿರ ಖಾತೆಗಳಲ್ಲಿ ನಷ್ಟದ ಷೇರು ಹಿಡಿದು ಕುಳಿತವರಲ್ಲಿ ಇಂಥ ಕಾರಣದವರು ಎಷ್ಟು ಮಂದಿಯಿದ್ದರೋ! ಅಂಕಿಗೆ ಅದು ಕಾಣುವುದಿಲ್ಲ. “ಇದು ಇರಲಿ ಬಿಡು. ಮಂಗಳಸೂತ್ರದ ಚಿನ್ನಕ್ಕೆ ನಾವು ದಿನದ ಧಾರಣೆ ಕೇಳುತ್ತೇವೆಯೆ? ಇದನ್ನು ನೆನಪಿನ ಪೆಟ್ಟಿಗೆಯಲ್ಲಿಡು, ಹಣದ ಲೆಕ್ಕದಲ್ಲಿ ಸೇರಿಸಬೇಡ” ಎಂದೆ. ಮಿಕ್ಕ ಹಣದ ವಿಷಯ ಆಮೇಲೆ ಕಷ್ಟವಾಗಲಿಲ್ಲ. ಮೂರು ಪಾಲು ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಉಳಿಯಿತು. ತಿಂಗಳ ಖರ್ಚು ಅದರಿಂದ. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಒಂದು ಪಾಲನ್ನು, ಯಾವ ಕಂಪೆನಿಯನ್ನೂ ಆರಿಸದೆ ಇಡೀ ಸೂಚ್ಯಂಕವನ್ನೇ ಕೊಳ್ಳುವ ನಿಧಿಯೊಂದರಲ್ಲಿ ಹಲವು ಕಂತುಗಳಲ್ಲಿ ಹಾಕುವುದೆಂದಾಯಿತು. ಸಾಮಾನ್ಯ ಜನರಿಗಾಗಿ ಇಂಥ ನಿಧಿಯನ್ನು 1976ರಲ್ಲಿ ಮೊದಲು ತೆರೆದವರು ಜಾನ್ ಬೋಗಲ್ ಎಂಬ ಅಮೆರಿಕದವರು. ಭವಿಷ್ಯ ಹೇಳುವವರಿಗೆ ಸಂಬಳ ಕೊಡಬೇಕಾಗಿಲ್ಲದ್ದರಿಂದ ಅದರ ಖರ್ಚೂ ಕಡಿಮೆ. ಪೇಟೆ ಬಿದ್ದರೆ ಇದೂ ಬೀಳುತ್ತದೆ ಎಂಬುದನ್ನು ಅವಳಿಗೆ ಎರಡು ಸಲ ಹೇಳಿದೆ. ಅವಳೂ ಎರಡು ಸಲ ತಲೆಯಾಡಿಸಿದಳು. ಅಳಿಯ ವಾದಿಸಲಿಲ್ಲ. ವಿಶ್ಲೇಷಕರ ವರದಿಗಳನ್ನು ಓದುವುದನ್ನು ಬಿಡಬೇಡವೆಂದು ಅವನಿಗೂ ಹೇಳಿದ್ದೇನೆ. ಒಂದು ಕೈಗಾರಿಕೆ ಹೇಗೆ ನಡೆಯುತ್ತದೆ, ಕಂಪೆನಿಯ ಸಾಲವೆಷ್ಟು, ಗಿರಾಕಿಗಳು ಯಾರು ಎಂಬುದನ್ನು ಅವರಷ್ಟು ಚೆನ್ನಾಗಿ ತಿಳಿಸುವವರು ಕಡಿಮೆ. ಕೊನೆಯಲ್ಲಿರುವ ಬೆಲೆಯ ಅಂಕಿಯೊಂದನ್ನು ಬಿಟ್ಟು ಓದಿದರಾಯಿತು.

ಕೌಲ್ಸ್ 1984ರವರೆಗೆ ಬಾಳಿದ. ತನ್ನ ಸಂಶೋಧನೆಯ ಮೇಲೆಯೂ ಜನ ಭವಿಷ್ಯದ ಪತ್ರಿಕೆಗಳಿಗೆ ಚಂದಾ ಕಟ್ಟುವುದನ್ನು ನಿಲ್ಲಿಸಲಿಲ್ಲವೆಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲೋ ಒಬ್ಬನಿಗಾದರೂ ನಿಜವಾಗಿ ತಿಳಿದಿದೆ ಎಂದು ನಂಬುವುದು ಜನಕ್ಕೆ ಬೇಕು, ಯಾರಿಗೂ ತಿಳಿಯದ ಲೋಕದಲ್ಲಿ ಬಾಳಲು ಭಯವಾಗುತ್ತದೆ ಎಂಬ ಅರ್ಥದ ಮಾತನ್ನು ಮುಪ್ಪಿನಲ್ಲಿ ಆತ ಆಡಿದ್ದುಂಟು. ಜನರನ್ನು ದಡ್ಡರೆಂದು ಆತ ಹಳಿಯಲಿಲ್ಲವೆಂಬುದು ನನಗೆ ಬಹಳ ಹಿಡಿಸಿತು.

ಮೂವತ್ತು ವರ್ಷಗಳ ಕಾಲ ತಂಗಿಯ ಮನೆಯಲ್ಲಿ ‘ನಿಜವಾಗಿ ತಿಳಿದ’ ಒಬ್ಬರಿದ್ದರು. ತೆರಿಗೆ ಕಟ್ಟುವ ದಿನ, ವಿಮೆಯ ಕಂತು, ಬಡ್ಡಿಯ ದರ ಎಲ್ಲವೂ ಅವರ ತಲೆಯಲ್ಲಿರುತ್ತಿತ್ತು. ಅವರು ಹೋದ ಮೇಲೆ ಆ ಸ್ಥಾನದಲ್ಲಿ ಹದಿನೇಳು ಜನ ಅಪರಿಚಿತರನ್ನು ಕೂರಿಸಲು ಅವಳು ಸಿದ್ಧಳಾಗಿದ್ದಳು. ಈಗ ಅವಳೇ ಒಂದು ನೋಟುಪುಸ್ತಕ ಇಟ್ಟಿದ್ದಾಳೆ. ಪ್ರತಿ ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಿ ಬಂದು, ಬಡ್ಡಿ ಎಷ್ಟು ಬಂತು, ಖರ್ಚು ಎಷ್ಟಾಯಿತು ಎಂದು ಬರೆಯುತ್ತಾಳೆ. ಮುಂದಿನ ತಿಂಗಳ ಅಂಕಣವನ್ನು ಖಾಲಿ ಬಿಡುತ್ತಾಳೆ.